ಪಿತ್ರಾರ್ಜಿತ ಗಣಕಗಳ ಸ್ಥಾನಪಲ್ಲಟ

ಇಂಗ್ಲಿಷಿನ ‘ಲೆಗಸಿ’ ಎಂಬ ಶಬ್ದಕ್ಕೆ ಈಚೆಗೆ ಒಂದು ದುರ್ದೆಸೆ ಒದಗಿದೆ. ಹಿರಿಯರು ಬಿಟ್ಟುಹೋದ ಸೊತ್ತು ಎಂಬ ಗೌರವದ ಅರ್ಥದಲ್ಲಿ ಬಹುಕಾಲ ಬಾಳಿದ ಆ ಶಬ್ದವು ಗಣಕಯಂತ್ರಗಳ ಜಗತ್ತನ್ನು ಹೊಕ್ಕ ಮೇಲೆ ಹಳತು, ಹೊರೆ, ಆದಷ್ಟು ಬೇಗ ತೊಲಗಿಸತಕ್ಕದ್ದು ಎಂಬ ಅರ್ಥವನ್ನು ಪಡೆದುಕೊಂಡಿದೆ. ಕನ್ನಡದಲ್ಲಿ ಇದಕ್ಕೆ ಸಮನಾದ ಮಾತು ‘ಪಿತ್ರಾರ್ಜಿತ’. ನಮ್ಮಲ್ಲಿ ಪಿತ್ರಾರ್ಜಿತವನ್ನು ಮಾರುವವನಾಗಲಿ ಪಾಲು ಮಾಡುವವನಾಗಲಿ ಮೊದಲು ಅದರ ಲೆಕ್ಕವನ್ನು ಒಪ್ಪಿಸಬೇಕು. ಯಾವ ಹೊಲದ ಮೇಲೆ ಯಾರ ಅನುಭೋಗವಿದೆ, ಯಾವ ಬಾವಿಯ ನೀರಿನಲ್ಲಿ ಯಾರಿಗೆ ಹಕ್ಕಿದೆ, ಯಾವ ಮರದ ಫಲವನ್ನು ಯಾವ ಗುಡಿಗೆ ಬಿಟ್ಟಿದ್ದಾರೆ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ತಿಳಿಯಬೇಕು. ಗಣಕಗಳ ವಿಷಯದಲ್ಲಿಯೂ ಈ ಎಚ್ಚರಿಕೆಯೇ ಮುಖ್ಯವಾದುದೆಂದು ನನಗೆ ತೋರುತ್ತದೆ. ಬ್ಯಾಂಕು, ವಿಮೆ, ಪಿಂಚಣಿ, ತೆರಿಗೆ, ರೈಲು ಮುಂತಾಗಿ ನಮ್ಮ ನಿತ್ಯಜೀವನವನ್ನು ತಾಳಿಕೊಂಡು ನಿಂತಿರುವ ಹಳೆಯ ದೊಡ್ಡ ಗಣಕಗಳನ್ನು ಬಿಟ್ಟು, ಅವು ಮಾಡುತ್ತಿದ್ದ ಕೆಲಸವನ್ನು ಅಲ್ಲಲ್ಲಿ ಹರಡಿಕೊಂಡ ನೂರಾರು ಸಣ್ಣ ಗಣಕಗಳಿಗೆ ಹಂಚಿಕೊಡುವ ಮಹಾಪ್ರಯತ್ನ ಈಗ ಲೋಕದ ಎಲ್ಲೆಡೆಯೂ ನಡೆಯುತ್ತಿದೆ. ನಮ್ಮ ದೇಶದಲ್ಲಿ ಅದರ ಅತ್ಯಂತ ದೊಡ್ಡ ಉದಾಹರಣೆಯೊಂದು ನಮ್ಮೆಲ್ಲರ ಜೇಬಿನ ಟಿಕೆಟ್ಟಿಗೇ ಸಂಬಂಧಪಟ್ಟದ್ದು.

2025ರ ಜೂನ್ ತಿಂಗಳ ಕೊನೆಯಲ್ಲಿ ರೈಲ್ವೆ ಸಚಿವಾಲಯವು ತನ್ನ ಆಸನ ಕಾಯ್ದಿರಿಸುವ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವ ಯೋಜನೆಯನ್ನು ಪ್ರಕಟಿಸಿತು. ಆಗ ನಿಮಿಷವೊಂದಕ್ಕೆ ಸುಮಾರು 32,000 ಟಿಕೆಟ್ಟುಗಳನ್ನು ಕೊಡಬಲ್ಲದಾಗಿದ್ದ ವ್ಯವಸ್ಥೆ, ಹೊಸದರಲ್ಲಿ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಕೊಡಬಲ್ಲದಾಗುವುದೆಂದೂ, ‘ಸ್ಥಳ ಉಂಟೇ’ ಎಂಬ ವಿಚಾರಣೆಗಳಿಗೆ ಉತ್ತರ ಹೇಳುವ ಶಕ್ತಿ ನಿಮಿಷಕ್ಕೆ 4 ಲಕ್ಷದಿಂದ 40 ಲಕ್ಷಕ್ಕೆ ಏರುವುದೆಂದೂ ಅದು ತಿಳಿಸಿತು. ಅದೇ ವರ್ಷ ಸಂಸತ್ತಿನಲ್ಲಿ ಕೊಟ್ಟ ಉತ್ತರದಲ್ಲಿ, ಬಳಕೆಯಲ್ಲಿದ್ದ ವ್ಯವಸ್ಥೆ 2010ರಲ್ಲಿ ಅಳವಡಿಸಿದ ಇಟೇನಿಯಂ ಗಣಕಗಳ ಮೇಲೆ, ಓಪನ್ ವಿಎಂಎಸ್ ಎಂಬ ನಿರ್ವಹಣಾ ತಂತ್ರದಲ್ಲಿ ನಡೆಯುತ್ತಿದೆಯೆಂಬ ವಿವರವಿತ್ತು. ಶಾಸ್ತ್ರಶುದ್ಧವಾಗಿ ಹೇಳುವುದಾದರೆ ಇವು ಐಬಿಎಂ ಕಂಪನಿಯ ‘ಮೇನ್‌ಫ್ರೇಮ್’ ಜಾತಿಯವಲ್ಲ. ಆದರೆ ಒಂದು ಕೇಂದ್ರ, ಒಂದು ಲೆಕ್ಕದ ಪುಸ್ತಕ, ಆ ಕೇಂದ್ರಕ್ಕೆ ಕೈಚಾಚಿ ಕುಳಿತ ಸಾವಿರಾರು ಕಿಟಕಿಗಳು ಎಂಬ ಅದರ ಸ್ವಭಾವವೂ, ದಶಕಗಳಿಂದ ಪದರಪದರವಾಗಿ ಸೇರಿಕೊಂಡು ಬಂದ ಅದರ ನಿಯಮರಾಶಿಯೂ ಆ ಕುಲಕ್ಕೇ ಸೇರಿದುವು.

ಈ ವ್ಯವಸ್ಥೆಯ ಹುಟ್ಟಿನ ಕಥೆ ತಿಳಿಯಬೇಕಾದುದು. 1978ರಲ್ಲಿ ಐಬಿಎಂ ಕಂಪನಿ ಭಾರತವನ್ನು ಬಿಟ್ಟು ಹೋಯಿತು. ಅದು ಬಿಟ್ಟುಹೋದ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ ಸಿಎಂಸಿ ಎಂಬ ಸರಕಾರೀ ಸಂಸ್ಥೆಯ ಮೇಲೆ ಬಿತ್ತು. ಪರರ ಯಂತ್ರಗಳನ್ನು ದುರಸ್ತಿ ಮಾಡುತ್ತ ಮಾಡುತ್ತ ವಿದ್ಯೆ ಕಲಿತ ಆ ಸಂಸ್ಥೆಯವರೇ ರೈಲ್ವೆಗಾಗಿ ‘ಇಂಪ್ರೆಸ್’ ಎಂಬ ಕಾಯ್ದಿರಿಸುವ ವ್ಯವಸ್ಥೆಯನ್ನು ರಚಿಸಿದರು. 1985ರಲ್ಲಿ ಅದು ದೆಹಲಿಯಲ್ಲಿ ಕೆಲಸಕ್ಕೆ ತೊಡಗಿತು. ಅದಕ್ಕೆ ಮುಂಚಿನ ಕಾಲವನ್ನು ಕಂಡವರು ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಒಂದೊಂದು ಗಾಡಿಗೆ ಒಂದೊಂದು ರಿಜಿಸ್ಟರು, ಆ ರಿಜಿಸ್ಟರು ಯಾವ ಕಿಟಕಿಯಲ್ಲಿದೆಯೋ ಆ ಕಿಟಕಿಯ ಮುಂದೆಯೇ ನಿಲ್ಲಬೇಕು. ಹೋಗುವ ಗಾಡಿಗೆ ಒಂದು ಸಾಲು, ಬರುವ ಗಾಡಿಗೆ ಮತ್ತೊಂದು. 1986ರಲ್ಲಿ ರೈಲ್ವೆಯ ಸ್ವಂತ ಗಣಕಸಂಸ್ಥೆಯಾದ ಕ್ರಿಸ್ ಸ್ಥಾಪನೆಯಾಯಿತು. ದೆಹಲಿ, ಮುಂಬಯಿ, ಕಲ್ಕತ್ತೆ, ಮದರಾಸು, ಸಿಕಂದರಾಬಾದುಗಳ ಐದು ಕೇಂದ್ರಗಳನ್ನು ‘ಕಾನ್ಸರ್ಟ್’ ಎಂಬ ಹೊಸ ಕ್ರಮವಿಧಿಯಿಂದ ಒಂದಕ್ಕೊಂದು ಜೋಡಿಸುವ ಕೆಲಸ 1999ರಲ್ಲಿ ಮುಗಿಯಿತು. 2002ರಿಂದ ಅಂತರಜಾಲದ ಮೂಲಕ ಟಿಕೆಟ್ಟು ದೊರೆಯತೊಡಗಿತು. ಬೀದರಿನ ಕಿಟಕಿಯಲ್ಲಿ ನಿಂತು ಹೌರಾದಿಂದ ಪುರಿಗೆ ಟಿಕೆಟ್ಟು ಕೊಳ್ಳುವ ಸೌಕರ್ಯವನ್ನು ನಾವು ಈಗ ಗಮನಿಸುವುದೂ ಇಲ್ಲ. ಸ್ವತಂತ್ರ ಭಾರತದ ಸಾರ್ವಜನಿಕ ಕಾರ್ಯಗಳಲ್ಲಿ ಇಷ್ಟು ಸದ್ದಿಲ್ಲದೆ ಇಷ್ಟು ಜನರಿಗೆ ಉಪಕಾರ ಮಾಡಿದುವು ಕೆಲವೇ ಎಂದು ನಾನು ಎಣಿಸುತ್ತೇನೆ. ‘ಲೆಗಸಿ’ ಎಂದು ಮೂಗು ಮುರಿಯುವವರು ಇದನ್ನು ಮರೆಯಬಾರದು.

ಹಾಗಾದರೆ ಅದನ್ನು ಹಾಗೆಯೇ ಇಟ್ಟುಕೊಳ್ಳಬಾರದೇಕೆ? ಇಟ್ಟುಕೊಳ್ಳಲಾಗದು, ಕಾರಣಗಳು ಗಟ್ಟಿಯಾಗಿವೆ. ವಿಎಂಎಸ್ ತಂತ್ರವನ್ನು 1977ರಲ್ಲಿ ಹೊರತಂದ ಡಿಜಿಟಲ್ ಎಂಬ ಅಮೆರಿಕನ್ ಕಂಪನಿಯನ್ನು 1998ರಲ್ಲಿ ಕಾಂಪ್ಯಾಕ್ ನುಂಗಿತು. ಕಾಂಪ್ಯಾಕನ್ನು 2002ರಲ್ಲಿ ಎಚ್‌ಪಿ ನುಂಗಿತು. ಇಟೇನಿಯಂ ಚಿಪ್ಪುಗಳನ್ನು ಇಂಟೆಲ್ ಕಂಪನಿ 2021ರಲ್ಲಿ ಕೊನೆಯ ಬಾರಿಗೆ ಹೊರಗೆ ಕಳುಹಿಸಿ ಆ ಬಾಗಿಲನ್ನು ಮುಚ್ಚಿತು. ತಯಾರಕನಿಲ್ಲದ ಯಂತ್ರವನ್ನು ಎಷ್ಟು ಕಾಲ ಬಿಡಿಭಾಗಗಳನ್ನು ಹುಡುಕಿ ತಂದು ನಡೆಸಬಹುದು? ಯಂತ್ರಕ್ಕಿಂತ ಬೇಗ ಸವೆಯುವುದು ಅದನ್ನು ಬಲ್ಲವರ ಸಂಖ್ಯೆ. 2020ರ ಏಪ್ರಿಲ್‌ನಲ್ಲಿ, ಕೊರೋನಾದ ಹಾವಳಿಯಲ್ಲಿ ಕೆಲಸ ಕಳೆದುಕೊಂಡ ಲಕ್ಷಾಂತರ ಜನ ನಿರುದ್ಯೋಗ ಭತ್ಯಕ್ಕಾಗಿ ಅರ್ಜಿ ಹಾಕಿದಾಗ, ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಹಳೆಯ ಮೇನ್‌ಫ್ರೇಮು ತತ್ತರಿಸಿತು. ಆಗ ಅಲ್ಲಿಯ ಗವರ್ನರ್ ಕೋಬಾಲ್ ಬಲ್ಲವರು ಯಾರಾದರೂ ಇದ್ದರೆ ಸ್ವಯಂಸೇವಕರಾಗಿ ಮುಂದೆ ಬರಬೇಕೆಂದು ಪತ್ರಿಕಾಗೋಷ್ಠಿಯಲ್ಲಿ ಬೇಡಿಕೊಳ್ಳಬೇಕಾಯಿತು. ಕೋಬಾಲ್ 1959ರಲ್ಲಿ ರೂಪುಗೊಂಡ ಭಾಷೆ; ವ್ಯವಹಾರದ ಲೆಕ್ಕಗಳಿಗೆಂದೇ ಇಂಗ್ಲಿಷ್ ವಾಕ್ಯಗಳ ಹೋಲಿಕೆಯಲ್ಲಿ ಅದನ್ನು ಕಟ್ಟಿದ್ದರು. ಅರುವತ್ತು ವರ್ಷ ತುಂಬಿದ ಭಾಷೆಗೆ ವಿದ್ವಾಂಸರ ಬರ ಬಂದುದನ್ನು ಕಂಡಾಗ ಹಳಗನ್ನಡದ ಮೇಷ್ಟರಾದ ನಮ್ಮಂಥವರಿಗೆ ಆಶ್ಚರ್ಯವಾಗುವುದಿಲ್ಲ.

ಆದುದರಿಂದ ಬದಲಾಯಿಸಬೇಕೆ ಬೇಡವೆ ಎಂಬುದು ಈಗ ಪ್ರಶ್ನೆಯಲ್ಲ. ಬದಲಾಯಿಸುವಾಗ ಏನು ಕೈತಪ್ಪಿ ಹೋಗಬಹುದೆಂಬುದೇ ಪ್ರಶ್ನೆ.

ಒಂದು ದೊಡ್ಡ ಗಣಕಕ್ಕೂ ಹಂಚಿಹೋದ ಅನೇಕ ಗಣಕಗಳಿಗೂ ಇರುವ ವ್ಯತ್ಯಾಸವನ್ನು ಹಳ್ಳಿಯ ಶಾನುಭೋಗನನ್ನು ನೆನೆದರೆ ಸುಲಭವಾಗಿ ತಿಳಿಯಬಹುದು. ಊರಿಗೆ ಒಬ್ಬನೇ ಶಾನುಭೋಗ, ಅವನ ಬಳಿ ಒಂದೇ ಕಡತ. ಇಬ್ಬರು ಒಂದೇ ತುಂಡು ನೆಲವನ್ನು ಕೇಳಿಕೊಂಡು ಬಂದರೆ, ಮೊದಲು ಬಂದವನ ಹೆಸರು ಬರೆದು ಎರಡನೆಯವನಿಗೆ ಇಲ್ಲವೆನ್ನುತ್ತಾನೆ. ಗೊಂದಲಕ್ಕೆ ಆಸ್ಪದವೇ ಇಲ್ಲ. ಆದರೆ ಅವನು ಜ್ವರದಿಂದ ಮಲಗಿದರೆ ಊರಿನ ವ್ಯವಹಾರವೆಲ್ಲ ನಿಂತಿತು. ಜನ ಹೆಚ್ಚಿದರೆ ಅವನ ಜಗಲಿಯ ಮುಂದೆ ಸಾಲು ಬೆಳೆಯಿತು. ಈ ಕಷ್ಟಕ್ಕೆ ಪರಿಹಾರವಾಗಿ ಹತ್ತು ಮಂದಿ ಶಾನುಭೋಗರನ್ನು ನೇಮಿಸಿ, ಪ್ರತಿಯೊಬ್ಬನಿಗೂ ಕಡತದ ಪ್ರತಿಯೊಂದನ್ನು ಕೊಟ್ಟೆವೆನ್ನಿ. ಈಗ ಒಬ್ಬನು ಮಲಗಿದರೆ ಒಂಬತ್ತು ಮಂದಿ ಇದ್ದಾರೆ. ಆದರೆ ಒಬ್ಬನು ಬರೆದುದು ಉಳಿದ ಒಂಬತ್ತು ಕಡತಗಳಿಗೆ ತಲಪುವ ಮೊದಲು ಮತ್ತೊಬ್ಬನು ಅದೇ ನೆಲವನ್ನು ಬೇರೆಯವನಿಗೆ ಬರೆದುಕೊಟ್ಟರೆ? ನಡುವೆ ಹೊಳೆ ಉಕ್ಕಿ ಈ ದಡದವರಿಗೂ ಆ ದಡದವರಿಗೂ ಸಂಪರ್ಕವೇ ತಪ್ಪಿದರೆ? ಆಗ ಅವರ ಮುಂದೆ ಇರುವ ದಾರಿ ಎರಡೇ. ಹೊಳೆ ಇಳಿಯುವವರೆಗೆ ಯಾರಿಗೂ ಏನೂ ಬರೆದುಕೊಡದೆ ಕುಳಿತಿರಬೇಕು. ಇಲ್ಲವೇ ತಪ್ಪಾದೀತೆಂದು ತಿಳಿದೂ ಬರೆದುಕೊಡಬೇಕು. 2000ದಲ್ಲಿ ಎರಿಕ್ ಬ್ರೂಯರ್ ಎಂಬ ಗಣಕವಿಜ್ಞಾನಿ ಈ ಇಕ್ಕಟ್ಟನ್ನು ಒಂದು ಊಹೆಯಾಗಿ ಮುಂದಿಟ್ಟನು. 2002ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಎಂಬಿಬ್ಬರು ಅದನ್ನು ಗಣಿತದ ಪ್ರಮೇಯವಾಗಿ ಸಾಧಿಸಿದರು. ಎಷ್ಟು ಹಣ ಸುರಿದರೂ ಈ ಇಕ್ಕಟ್ಟಿನಿಂದ ಪಾರಾಗುವಂತಿಲ್ಲ. ಎಲ್ಲಿ ಯಾವ ದಾರಿಯನ್ನು ಹಿಡಿಯಬೇಕೆಂಬ ವಿವೇಕ ಮಾತ್ರ ನಮ್ಮ ಪಾಲಿನದು.

ರೈಲ್ವೆಯ ಅಂಕೆಗಳನ್ನು ಈ ಬೆಳಕಿನಲ್ಲಿ ಮತ್ತೆ ನೋಡಬೇಕು. ಟಿಕೆಟ್ಟು ಕೊಡುವ ಶಕ್ತಿ ಐದುಪಟ್ಟಿನ ಹತ್ತಿರಕ್ಕೆ ಏರುವುದಾದರೆ ವಿಚಾರಣೆಗೆ ಉತ್ತರಿಸುವ ಶಕ್ತಿ ಹತ್ತುಪಟ್ಟು ಏರುತ್ತದೆ. ಈ ಅಸಮತೆಯಲ್ಲಿ ಒಂದು ಅರ್ಥವಿದೆಯೆಂದು ನನ್ನ ತಿಳಿವಳಿಕೆ. ‘ರಾಣಿ ಚೆನ್ನಮ್ಮದಲ್ಲಿ ಶುಕ್ರವಾರ ಸ್ಥಳವಿದೆಯೆ’ ಎಂಬ ಪ್ರಶ್ನೆಗೆ ಅರ್ಧ ನಿಮಿಷ ಹಳೆಯದಾದ ಉತ್ತರ ಬಂದರೆ ಯಾರ ಗಂಟೂ ಹೋಗುವುದಿಲ್ಲ. ಅಂಥ ಪ್ರಶ್ನೆಗಳನ್ನು ಎಷ್ಟು ಗಣಕಗಳಿಗಾದರೂ ಹಂಚಬಹುದು. ಆದರೆ ಕೊನೆಯದಾಗಿ ಉಳಿದ ಒಂದು ಬರ್ತನ್ನು ಹುಬ್ಬಳ್ಳಿಯ ಕಿಟಕಿಯವನಿಗೂ ಬೆಂಗಳೂರಿನ ಮೊಬೈಲಿನವನಿಗೂ ಏಕಕಾಲದಲ್ಲಿ ಮಾರಿದರೆ, ನಡುರಾತ್ರಿ ಅರಸೀಕೆರೆಯಲ್ಲಿ ಇಬ್ಬರು ಒಂದೇ ಹಲಗೆಯ ಮುಂದೆ ನಿಂತು ಜಗಳವಾಡಬೇಕಾಗುತ್ತದೆ. ಬರ್ತನ್ನು ಮಾರುವ ಕೈ ಯಾವ ಕಾಲಕ್ಕೂ ಒಂದೇ ಆಗಿರಬೇಕು. ಒಬ್ಬನಿಗೆ ‘ಸ್ವಲ್ಪ ತಡೆ’ ಎಂದರೂ ಚಿಂತೆಯಿಲ್ಲ, ಇಬ್ಬರಿಗೂ ‘ಆಗಲಿ’ ಎನ್ನಬಾರದು. ಹಂಚುವುದು ಎಂದರೆ ಎಲ್ಲವನ್ನೂ ಹಂಚುವುದಲ್ಲ. ಹಂಚಬಾರದುದನ್ನು ಗುರುತಿಸಿಕೊಂಡು ಮಿಕ್ಕುದನ್ನು ಹಂಚುವುದು. ‘ಕ್ಲೌಡ್’ ಎಂಬ ಮಾತನ್ನು ಕೇಳಿದೊಡನೆ ಎಲ್ಲವೂ ಹಗುರವಾಗಿ ತೇಲುವುದೆಂದು ಭಾವಿಸುವ ಆಡಳಿತಗಾರರು ಈ ಭೇದವನ್ನು ತಂತ್ರಜ್ಞರಿಂದ ಕೇಳಿ ತಿಳಿದುಕೊಳ್ಳುವುದು ಒಳಿತು.

ಸ್ಥಾನಪಲ್ಲಟದ ಅಪಾಯ ಯಾವ ಬಗೆಯದೆಂಬುದನ್ನು ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೊಂದಿಲ್ಲ. ಲಾಯ್ಡ್ಸ್ ಎಂಬ ದೊಡ್ಡ ಬ್ಯಾಂಕಿನಿಂದ ಟಿಎಸ್‌ಬಿ 2013ರಲ್ಲಿ ಬೇರೆಯಾಯಿತು. ಮನೆ ಬೇರೆಯಾದರೂ ಒಲೆ ಒಂದೇ ಎಂಬಂತೆ ಅದರ ಲೆಕ್ಕಗಳೆಲ್ಲ ಲಾಯ್ಡ್ಸಿನ ಹಳೆಯ ಗಣಕಗಳಲ್ಲಿಯೇ, ಬಾಡಿಗೆಯ ಮೇಲೆ, ನಡೆದುಕೊಂಡು ಬಂದುವು. 2015ರಲ್ಲಿ ಸ್ಪೇನಿನ ಸಬಾಡೆಲ್ ಬ್ಯಾಂಕು ಟಿಎಸ್‌ಬಿಯನ್ನು ಕೊಂಡಿತು. ತನ್ನದೇ ಆದ ಹೊಸ ವ್ಯವಸ್ಥೆಗೆ ಆ ಲೆಕ್ಕಗಳನ್ನೆಲ್ಲ ಸಾಗಿಸಲು ನಿಶ್ಚಯಿಸಿತು. ಮೊದಲು 2017ರ ನವೆಂಬರ್ ಎಂದು ಗೊತ್ತಾದ ಮುಹೂರ್ತ ಮುಂದಕ್ಕೆ ಹೋಯಿತು. ಕೊನೆಗೆ 2018ರ ಏಪ್ರಿಲ್ 20ರ ಶುಕ್ರವಾರ ಸಂಜೆಯಿಂದ 22ರ ಭಾನುವಾರ ಸಂಜೆಯವರೆಗೆ, ಒಂದೇ ಬೀಸಿನಲ್ಲಿ, 52 ಲಕ್ಷ ಗ್ರಾಹಕರ ಸುಮಾರು 130 ಕೋಟಿ ದಾಖಲೆಗಳನ್ನು ಸಾಗಿಸಿದರು.

ಇಲ್ಲಿ ಓದುಗರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಇದೆ. ದಾಖಲೆಗಳು ಕ್ಷೇಮವಾಗಿಯೇ ತಲಪಿದುವು. ನಿಯಂತ್ರಕ ಸಂಸ್ಥೆಗಳೇ ತನಿಖೆಯ ಬಳಿಕ ಹಾಗೆ ಹೇಳಿವೆ. ಕೆಟ್ಟುದು ಅವನ್ನು ಓದಿ ಜನರಿಗೆ ಉತ್ತರ ಹೇಳಬೇಕಾದ ಹೊಸ ಮನೆ. ಬಾಗಿಲು ತೆರೆದೊಡನೆ ಜನರು ನುಗ್ಗಿದರು, ಮನೆ ಕುಸಿಯಿತು. ಲಕ್ಷಾಂತರ ಜನರಿಗೆ ತಮ್ಮ ಖಾತೆಯೊಳಕ್ಕೆ ಪ್ರವೇಶವೇ ಸಿಕ್ಕಲಿಲ್ಲ. ಕೆಲವರಿಗೆ ಇತರರ ಖಾತೆಗಳು ಕಾಣಿಸಿಕೊಂಡುವು. ಅಂಗಡಿಕಾರರು ಕೂಲಿ ಕೊಡಲಾರದೆ ಪರದಾಡಿದರು. ಈ ಗಡಿಬಿಡಿಯ ಸಮಯವನ್ನೇ ಕಾಯುತ್ತಿದ್ದ ವಂಚಕರು ಬ್ಯಾಂಕಿನವರಂತೆ ನಟಿಸಿ ಹಣ ದೋಚಿದರು. ವ್ಯವಹಾರ ಮತ್ತೆ ಹದಕ್ಕೆ ಬರಲು ಆ ವರ್ಷದ ಡಿಸೆಂಬರ್ ಬೇಕಾಯಿತು. ಮುಖ್ಯಾಧಿಕಾರಿ ಸೆಪ್ಟೆಂಬರಿನಲ್ಲಿಯೇ ಹುದ್ದೆ ಬಿಟ್ಟಿದ್ದನು. ಬ್ಯಾಂಕಿಗೆ ಆದ ವೆಚ್ಚ 33 ಕೋಟಿ ಪೌಂಡು. 2022ರ ಡಿಸೆಂಬರಿನಲ್ಲಿ ನಿಯಂತ್ರಕರು ವಿಧಿಸಿದ ದಂಡ 4 ಕೋಟಿ 86 ಲಕ್ಷದ 50 ಸಾವಿರ ಪೌಂಡು. 2023ರಲ್ಲಿ ಗಣಕವಿಭಾಗದ ಮುಖ್ಯಸ್ಥನಾಗಿದ್ದವನಿಗೇ ವೈಯಕ್ತಿಕವಾಗಿ 81,620 ಪೌಂಡು ದಂಡ ಬಿತ್ತು. ಸಂಸ್ಥೆಯ ತಪ್ಪಿಗೆ ಸಂಸ್ಥೆಯ ಹಣದಿಂದಲೇ ಪ್ರಾಯಶ್ಚಿತ್ತ ಮಾಡಿಸುವ ರೂಢಿಯಿಂದ ಸ್ವಲ್ಪ ಆಚೆಗೆ ಹೋದ ಈ ಶಿಕ್ಷೆ ನನಗೆ ಯುಕ್ತವೆಂದೇ ತೋರಿತು.

ಬ್ಯಾಂಕಿನ ಕೋರಿಕೆಯ ಮೇಲೆ ವಿಚಾರಣೆ ನಡೆಸಿದ ಲಂಡನ್ನಿನ ವಕೀಲ ಸಂಸ್ಥೆಯೊಂದು 2019ರ ನವೆಂಬರಿನಲ್ಲಿ ಹೊರಡಿಸಿದ ವರದಿಯಲ್ಲಿ ಎರಡು ಮಾತುಗಳು ಮುಖ್ಯವಾದುವು. ಕೆಲಸ ಎಷ್ಟಿದೆಯೆಂದು ಅಳೆದು ದಿನವನ್ನು ಗೊತ್ತುಮಾಡುವ ಬದಲು, ದಿನವನ್ನು ಮೊದಲು ಗೊತ್ತುಮಾಡಿ ಅದರೊಳಗೆ ಕೆಲಸವನ್ನು ತುರುಕಿದರೆಂಬುದು ಒಂದು. ಹೊಸ ವ್ಯವಸ್ಥೆ ಎರಡು ಗಣಕಕೇಂದ್ರಗಳಲ್ಲಿ ಜೊತೆಜೊತೆಯಾಗಿ ನಡೆಯಬೇಕಾಗಿತ್ತು. ಜನಸಂದಣಿಯ ಭಾರವನ್ನು ತಾಳಬಲ್ಲುದೇ ಎಂಬ ಪರೀಕ್ಷೆಯನ್ನು ಅವುಗಳಲ್ಲಿ ಒಂದರಲ್ಲಿ ಮಾತ್ರ ಮಾಡಿದ್ದರೆಂಬುದು ಇನ್ನೊಂದು. ಎರಡು ಕೇಂದ್ರಗಳೂ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತಿವೆಯೆಂಬ ನಂಬಿಕೆ ಇದಕ್ಕೆ ಆಧಾರ. ಅವು ಹಾಗಿರಲಿಲ್ಲ. ಒಂದೇ ಗ್ರಂಥದ ಎರಡು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಒಮ್ಮೆಯಾದರೂ ಕುಳಿತವರು ಇಂಥ ನಂಬಿಕೆಗೆ ಎಂದಿಗೂ ಒಳಗಾಗಲಾರರು.

ಓಲೆಪ್ರತಿಯ ಮಾತು ಬಂದುದರಿಂದ ನನ್ನ ಶಾಸ್ತ್ರದ ಕಡೆಗೆ ಸ್ವಲ್ಪ ತಿರುಗುತ್ತೇನೆ. ಪ್ರಾಚೀನ ಕಾವ್ಯವೊಂದು ನಮಗೆ ತಲಪುವುದು ಪ್ರತಿಯಿಂದ ಪ್ರತಿಗೆ, ಲಿಪಿಕಾರನಿಂದ ಲಿಪಿಕಾರನಿಗೆ. ಗ್ರಂಥಸಂಪಾದನೆಯನ್ನು ಬಲ್ಲವರಿಗೆಲ್ಲ ತಿಳಿದಿರುವಂತೆ, ಪಾಠವನ್ನು ಹೆಚ್ಚು ಕೆಡಿಸುವವನು ದಡ್ಡ ಲಿಪಿಕಾರನಲ್ಲ, ಅರೆತಿಳಿದ ಜಾಣ ಲಿಪಿಕಾರ. ದಡ್ಡನು ಕಂಡುದನ್ನು ಕಂಡಂತೆ ಗೀಚುತ್ತಾನೆ. ಜಾಣನು ತನಗೆ ಅರ್ಥವಾಗದ ಶಬ್ದವನ್ನು ತಪ್ಪೆಂದು ತಿಳಿದು ‘ತಿದ್ದಿ’ ಬರೆಯುತ್ತಾನೆ. ಹಳಗನ್ನಡದ ಱಕಾರ ೞಕಾರಗಳು ಬಳಕೆಯಿಂದ ಜಾರಿದ ಮೇಲೆ ಬಂದ ಲಿಪಿಕಾರರು ಅವನ್ನು ರಕಾರ ಳಕಾರಗಳಾಗಿ ಬದಲಿಸುತ್ತ ಹೋದರು. ತಿಳಿ ಎಂಬ ಅರ್ಥದ ‘ಅಱಿ’ ಕತ್ತರಿಸು ಎಂಬ ಅರ್ಥದ ‘ಅರಿ’ಯಲ್ಲಿ ಕರಗಿತು. ಬದುಕು ಎಂಬ ‘ಬಾೞ್’ ಕತ್ತಿಯೆಂಬ ‘ಬಾಳ್’ ಆಯಿತು. ಅಕ್ಷರವೊಂದು ಹೋದರೆ ಹೋಯಿತೆನ್ನುವಂತಿಲ್ಲ. ಒಂದು ಭೇದವೇ ಹೋಯಿತು. ಆದುದರಿಂದಲೇ ಎರಡು ಪಾಠಗಳು ಎದುರಾದಾಗ ಕ್ಲಿಷ್ಟವಾದ ಪಾಠವನ್ನು ಅವಸರದಿಂದ ತಳ್ಳಿಹಾಕಬಾರದೆಂಬ ಸೂತ್ರ ನಮ್ಮಲ್ಲಿದೆ.

ಗಣಕದ ಹಳೆಯ ಕ್ರಮವಿಧಿಗಳಲ್ಲಿಯೂ ಇಂಥ ಕ್ಲಿಷ್ಟಪಾಠಗಳು ಹೇರಳವಾಗಿವೆ. ಐಬಿಎಂ 1964ರಲ್ಲಿ ಸಿಸ್ಟಂ 360 ಎಂಬ ಗಣಕಸಂತತಿಯನ್ನು ಹೊರತಂದಾಗ ಅಕ್ಷರಗಳನ್ನು ಅಂಕಿಗಳಾಗಿ ಗುರುತಿಸಲು ಎಬ್ಸಿಡಿಕ್ ಎಂಬ ಸಂಕೇತಕ್ರಮವನ್ನು ಬಳಸಿತು. ಇತರ ಗಣಕಗಳು ಬಹುಮಟ್ಟಿಗೆ ಹಿಡಿದುದು ಆಸ್ಕಿ ಎಂಬ ಮತ್ತೊಂದು ಕ್ರಮವನ್ನು. ಎಬ್ಸಿಡಿಕ್‌ನಲ್ಲಿ ಅಕ್ಷರಗಳು ಮೊದಲು, ಅಂಕಿಗಳು ಆಮೇಲೆ; ಆಸ್ಕಿಯಲ್ಲಿ ಅಂಕಿಗಳು ಮೊದಲು, ಅಕ್ಷರಗಳು ಆಮೇಲೆ. ಹಳೆಯ ಯಂತ್ರದಲ್ಲಿ ಅಕಾರಾದಿಯಾಗಿ ಜೋಡಿಸಿದ ಪಟ್ಟಿಯೊಂದನ್ನು ಹೊಸ ಯಂತ್ರಕ್ಕೆ ತಂದು ಜೋಡಿಸಿದರೆ ಸಾಲಿನ ಮುಂದಿದ್ದವರು ಹಿಂದಕ್ಕೆ, ಹಿಂದಿದ್ದವರು ಮುಂದಕ್ಕೆ ಹೋಗುತ್ತಾರೆ. ಆ ಸಾಲಿನ ಕ್ರಮವನ್ನೇ ನೆಚ್ಚಿಕೊಂಡ ಮತ್ತೊಂದು ಕ್ರಮವಿಧಿ ಅದರ ಹಿಂದೆ ಎಲ್ಲೋ ಇದ್ದರೆ ಅದೂ ದಾರಿ ತಪ್ಪುತ್ತದೆ. ಹಣದ ಲೆಕ್ಕದಲ್ಲಿಯೂ ಹೀಗೆಯೇ. ಕೋಬಾಲ್ ಹಣವನ್ನು ನಾವು ಬರೆಯುವಂತೆಯೇ ದಶಮಾನದಲ್ಲಿ ಎಣಿಸಬಲ್ಲದು. ಹೊಸ ಭಾಷೆಗಳಲ್ಲಿ ಭಿನ್ನರಾಶಿಗಳನ್ನು ದ್ವಿಮಾನದಲ್ಲಿ ಇಡುವುದು ವಾಡಿಕೆ; ಹತ್ತು ಪೈಸೆಯೆಂಬಷ್ಟು ಸಣ್ಣ ಮೊತ್ತವನ್ನು, ಅಂದರೆ ಒಂದು ರೂಪಾಯಿಯ ಹತ್ತನೆಯ ಒಂದು ಭಾಗವನ್ನು, ದ್ವಿಮಾನದಲ್ಲಿ ಪೂರ್ಣವಾಗಿ ಬರೆಯಲು ಬರುವುದೇ ಇಲ್ಲ. ಎಚ್ಚರವಿಲ್ಲದವನು ಭಾಷಾಂತರಿಸಿದರೆ ಕೋಟ್ಯಂತರ ಖಾತೆಗಳಲ್ಲಿ ಪೈಸೆಯ ಚೂರುಗಳು ಉದುರಿಹೋಗುತ್ತವೆ. ನುಡಿಯ ಹಳೆಯ ಅಚ್ಚಿನಲ್ಲಿದ್ದ ಲೇಖನಗಳನ್ನು ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರಗಳು ಚದುರಿ, ಅರ್ಕಾವತ್ತುಗಳು ದಾರಿ ಬಿಟ್ಟುದನ್ನು ಕಂಡಿರುವ ಕನ್ನಡದ ಅಧ್ಯಾಪಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನಲ್ಲಿ ಇಂಥ ಕೆಲಸದಲ್ಲಿ ತೊಡಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಭೇಟಿಯಾದಾಗ, “ಸರ್, ಕ್ರಮವಿಧಿ ಏನು ಮಾಡುತ್ತದೆಂದು ಓದಿ ತಿಳಿಯಬಹುದು, ಏಕೆ ಹಾಗೆ ಮಾಡುತ್ತದೆಂದು ಹೇಳುವವರು ಯಾರೂ ಉಳಿದಿಲ್ಲ” ಎಂದನು. ಮೂವತ್ತು ವರ್ಷಗಳ ಹಿಂದೆ ಯಾವುದೋ ಕಾಯಿದೆ ಬದಲಾದಾಗ, ಯಾವುದೋ ವ್ಯಾಜ್ಯ ತೀರ್ಮಾನವಾದಾಗ, ಯಾರೋ ಒಬ್ಬ ಗುಮಾಸ್ತೆ ಫೋನು ಮಾಡಿ ತೊಂದರೆ ಹೇಳಿಕೊಂಡಾಗ ಸೇರಿಸಿದ ಒಂದು ಸಾಲು ಅಲ್ಲಿರುತ್ತದೆ. ಕಾರಣ ಎಲ್ಲಿಯೂ ಬರೆದಿರುವುದಿಲ್ಲ. ಹೊಸದಾಗಿ ಬರೆಯುವ ಜಾಣನಿಗೆ ಅದು ಕಸವಾಗಿ ಕಾಣುತ್ತದೆ, ಗುಡಿಸಿಬಿಡುತ್ತಾನೆ.

ಆ ಒಂದು ಸಾಲು ಯಾರ ಬದುಕಿಗೆ ಸಂಬಂಧಪಟ್ಟದ್ದೆಂಬುದನ್ನು ರೈಲ್ವೆಯ ಉದಾಹರಣೆಯಿಂದಲೇ ನೋಡಬಹುದು. ಹಿರಿಯ ನಾಗರಿಕರಿಗೂ, 45 ವರ್ಷ ತುಂಬಿದ ಹೆಂಗಸರಿಗೂ, ಅವರು ಬಾಯಿಬಿಟ್ಟು ಕೇಳದಿದ್ದರೂ, ಖಾಲಿ ಇದ್ದಲ್ಲಿ ಕೆಳಗಿನ ಬರ್ತನ್ನೇ ಕೊಡಬೇಕೆಂಬ ನಿಯಮ ಆ ವ್ಯವಸ್ಥೆಯೊಳಗೆ ಅಡಗಿದೆ. ಅದನ್ನು ಜಾರಿಗೊಳಿಸುವವನು ಯಾವ ಅಧಿಕಾರಿಯೂ ಅಲ್ಲ, ಕ್ರಮವಿಧಿಯೇ. ಅರಸೀಕೆರೆಯಲ್ಲಿ ಒಬ್ಬನು ಇಳಿದರೆ ಅವನ ಹಲಗೆ ಅಲ್ಲಿಂದ ಮುಂದಕ್ಕೆ ಮತ್ತೊಬ್ಬನಿಗೆ ಸಲ್ಲಬೇಕು. ರದ್ದಾದ ಸ್ಥಳಕ್ಕೆ ಆರ್‌ಎಸಿಯವನು ಏರಬೇಕು, ಅವನ ಜಾಗಕ್ಕೆ ವೇಟಿಂಗ್ ಲಿಸ್ಟಿನವನು ಬರಬೇಕು. ಮಹಿಳೆಯರ ಪಾಲು, ಸೈನಿಕರ ಪಾಲು, ಮಧ್ಯದ ಸಣ್ಣ ಊರುಗಳ ಪಾಲು ಇವೆಲ್ಲ ಯಾವ ಘಳಿಗೆಯಲ್ಲಿ ಸಾಮಾನ್ಯರ ಪಾಲಿನಲ್ಲಿ ಬೆರೆಯಬೇಕೆಂಬುದಕ್ಕೆ ಲೆಕ್ಕವಿರಬೇಕು. ಸಾಗಿಸುವಾಗ ಹಣದ ಲೆಕ್ಕ ತಪ್ಪಿದರೆ ಕೂಗೆಬ್ಬಿಸುವವರು ಇದ್ದಾರೆ. ಕೆಳಗಿನ ಬರ್ತಿನ ಒಂದು ಸಾಲು ಉದುರಿಹೋದರೆ ಕೂಗುವವರಾರು? ಮೊಣಕಾಲು ನೋವಿನ ಮುದುಕಿಯೊಬ್ಬಳು ಮಧ್ಯದ ಬರ್ತಿಗೆ ಹತ್ತಲಾರದೆ, ‘ನನ್ನ ಅದೃಷ್ಟ ಇಷ್ಟೇ’ ಎಂದುಕೊಂಡು ಧಾರವಾಡದವರೆಗೂ ಕುಳಿತೇ ಹೋಗುತ್ತಾಳೆ. ತನಗೆ ಒಂದು ಹಕ್ಕಿತ್ತೆಂಬುದೂ ಅದು ಕಳೆದುಹೋಯಿತೆಂಬುದೂ ಅವಳಿಗೆ ತಿಳಿಯುವುದೇ ಇಲ್ಲ.

ಹೀಗೆ ಆಗದಂತೆ ಸಾಗಿಸುವ ದಾರಿ ಉಂಟೆ? ಉಂಟು, ಅದು ನಿಧಾನದ ದಾರಿ. ಇಂಗ್ಲೆಂಡಿನ ಮಾರ್ಟಿನ್ ಫೌಲರ್ ಎಂಬ ತಂತ್ರಜ್ಞ ಲೇಖಕನು ಆಸ್ಟ್ರೇಲಿಯದ ಕಾಡಿನಲ್ಲಿ ಮರಗಳನ್ನು ತಬ್ಬಿ ಬೆಳೆಯುವ ಅತ್ತಿಯ ಜಾತಿಯೊಂದನ್ನು ಕಂಡು, 2004ರಲ್ಲಿ ಅದರ ಹೆಸರಿನಿಂದಲೇ ಒಂದು ಕ್ರಮವನ್ನು ವರ್ಣಿಸಿದನು. ನಮ್ಮವರಿಗೆ ಇದಕ್ಕಾಗಿ ಆಸ್ಟ್ರೇಲಿಯಕ್ಕೆ ಹೋಗಬೇಕಾಗಿಲ್ಲ. ಈಚಲ ಮರದ ನೆತ್ತಿಯ ಮೇಲೆ ಹಕ್ಕಿಯೊಂದು ಆಲದ ಬೀಜವನ್ನು ಬೀಳಿಸುತ್ತದೆ; ಬಿಳಲು ಕೆಳಗಿಳಿದು ನೆಲವನ್ನು ಹಿಡಿಯುತ್ತದೆ; ಎಷ್ಟೋ ವರ್ಷ ಎರಡೂ ಒಂದೇ ಮರವೆಂಬಂತೆ ನಿಂತಿರುತ್ತವೆ; ಕೊನೆಗೊಂದು ದಿನ ಒಳಗಿನ ಈಚಲು ಒಣಗಿಹೋದಾಗ ಆಲವು ತನ್ನ ಕಾಲಿನ ಮೇಲೆ ನಿಂತಿರುತ್ತದೆ. ಹಳೆಯ ಗಣಕದ ಒಂದೊಂದೇ ಕೆಲಸವನ್ನು ಹೊರಕ್ಕೆ ತೆಗೆದು ಹೊಸದಕ್ಕೆ ಒಪ್ಪಿಸುತ್ತ ಹೋಗುವುದು, ಎರಡೂ ಕೊಡುವ ಉತ್ತರಗಳನ್ನು ಕೆಲಕಾಲ ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು, ತಾಳೆಯಾದ ಬಳಿಕವೇ ಹಳೆಯದರ ಕೈಯಿಂದ ಆ ಕೆಲಸವನ್ನು ಬಿಡಿಸುವುದು, ಇದು ಈ ಕ್ರಮದ ಸಾರ.

ನನ್ನ ಮನಸ್ಸಿಗೆ ಇದಕ್ಕಿಂತ ಹತ್ತಿರವಾದುದು ದೇವಸ್ಥಾನದ ಜೀರ್ಣೋದ್ಧಾರ. ಗರ್ಭಗುಡಿಯ ಗೋಡೆ ಬಿರಿದಿದೆಯೆಂದು ದೇವರ ಪೂಜೆಯನ್ನು ನಿಲ್ಲಿಸುವಂತಿಲ್ಲ. ಆದುದರಿಂದ ಪಕ್ಕದಲ್ಲಿ ಸಣ್ಣದೊಂದು ಬಾಲಾಲಯವನ್ನು ಕಟ್ಟಿ, ದೇವರ ಕಲೆಯನ್ನು ಅಲ್ಲಿಗೆ ಬರಮಾಡಿಕೊಂಡು, ನಿತ್ಯಪೂಜೆಯನ್ನು ಅಲ್ಲಿ ನಡೆಸುತ್ತ, ಹಳೆಯ ಗುಡಿಯ ಕಲ್ಲುಗಳಿಗೆ ಒಂದೊಂದಾಗಿ ಅಂಕಿ ಬರೆದು ಬಿಚ್ಚುತ್ತಾರೆ. ಅಂಕಿ ಬರೆಯದೆ ಬಿಚ್ಚಿದ ಗುಡಿಯನ್ನು ಮತ್ತೆ ಕಟ್ಟಲು ಯಾವ ಸ್ಥಪತಿಗೂ ಸಾಧ್ಯವಿಲ್ಲ. ಕ್ರಮವಿಧಿಯ ಒಂದೊಂದು ನಿಯಮವನ್ನೂ ಮೊದಲು ಮನುಷ್ಯರ ಭಾಷೆಯಲ್ಲಿ ಬರೆದಿಡುವುದೇ ಈ ಅಂಕಿ ಬರೆಯುವ ಕೆಲಸ. ಯೋಜನೆಗಳಲ್ಲಿ ಇದಕ್ಕೆ ಹಣವನ್ನೂ ಕಾಲವನ್ನೂ ತೆಗೆದಿಡುವವರು ಕಡಮೆ. ಏಕೆಂದರೆ ಇದು ಉದ್ಘಾಟನೆಯ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗೀಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೋಬಾಲನ್ನು ಓದಿ ಹೊಸ ಭಾಷೆಗೆ ತಿರುಗಿಸುತ್ತವೆ, ಇನ್ನು ಮನುಷ್ಯರ ಗೋಜಿಲ್ಲ ಎಂಬ ಮಾತು ಕೇಳಿಬರುತ್ತಿದೆ. ಅಮೆರಿಕದಲ್ಲಿ ಕೋಟ್ಯಂತರ ವೃದ್ಧರಿಗೆ ಮಾಸಾಶನ ಕೊಡುವ ಸಾಮಾಜಿಕ ಭದ್ರತಾ ಇಲಾಖೆಯ ಕೋಬಾಲ್ ಕ್ರಮವಿಧಿಗಳನ್ನು ಕೆಲವೇ ತಿಂಗಳುಗಳಲ್ಲಿ ಬದಲಾಯಿಸುವ ಆಲೋಚನೆ ನಡೆದಿದೆಯೆಂದು 2025ರ ಮಾರ್ಚಿನಲ್ಲಿ ಪತ್ರಿಕೆಗಳಲ್ಲಿ ವರದಿಯಾಯಿತು. ಆ ಇಲಾಖೆಯೇ 2017ರಲ್ಲಿ ಇದೇ ಕೆಲಸಕ್ಕೆ ವರ್ಷಗಳ ಅವಧಿಯನ್ನು ಎಣಿಸಿತ್ತು. ಯಂತ್ರ ಓದಬಲ್ಲದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸಾವಿರಾರು ಪುಟಗಳ ಪಾಠಾಂತರಗಳನ್ನು ಗುರುತಿಸಿಕೊಡುವ ಶ್ರಮವನ್ನು ಅದು ಎಷ್ಟೋ ಹಗುರಮಾಡೀತು. ಆದರೆ ಯಾವ ಪಾಠ ಕವಿಯದು, ಯಾವುದು ಲಿಪಿಕಾರನದು ಎಂಬ ತೀರ್ಮಾನಕ್ಕೆ ಹೊಣೆಗಾರನೊಬ್ಬನಿರಬೇಕು. ಮಾಸಾಶನ ನಿಂತುಹೋದ ಮುದುಕನ ಮುಂದೆ ನಿಂತು ಉತ್ತರ ಹೇಳುವವನು ಯಂತ್ರವಾಗಲಾರದು.

ರೈಲ್ವೆಯ ಕೆಲಸದಲ್ಲಿ ಮತ್ತೊಂದು ವಿಶೇಷ ತೊಡಕಿದೆ. 2024ರ ನವೆಂಬರ್ 1ರಿಂದ ಪ್ರಯಾಣಕ್ಕೆ 60 ದಿನ ಮುಂಚಿತವಾಗಿ ಟಿಕೆಟ್ಟು ಕೊಳ್ಳುವ ಕ್ರಮ ಬಂದಿದೆ. ಅದಕ್ಕೆ ಮೊದಲು 120 ದಿನಗಳಿದ್ದುವು. ಎಂದರೆ, ಯಾವ ರಾತ್ರಿಯನ್ನು ಆರಿಸಿಕೊಂಡರೂ, ಮುಂದಿನ ಎರಡು ತಿಂಗಳ ಲಕ್ಷಾಂತರ ಪ್ರಯಾಣಗಳು ಅದಾಗಲೇ ಹಳೆಯ ಕಡತದಲ್ಲಿ ಬರೆದಿರುತ್ತವೆ. ಬ್ಯಾಂಕಿಗೆ ಭಾನುವಾರವೊಂದಿದೆ, ರೈಲಿಗೆ ಅದೂ ಇಲ್ಲ. ಅದರ ಮೇಲೆ, ಮುಂಜಾನೆ 10 ಗಂಟೆಗೆ ಹವಾನಿಯಂತ್ರಿತ ದರ್ಜೆಗಳ ತತ್ಕಾಲ್, 11 ಗಂಟೆಗೆ ಇತರ ದರ್ಜೆಗಳ ತತ್ಕಾಲ್ ಎಂದು ದಿನಕ್ಕೆ ಎರಡು ಬಾರಿ ದೇಶವೇ ಬಾಗಿಲಿನ ಮೇಲೆ ಬೀಳುತ್ತದೆ. ಸಾಧಾರಣ ಹೊತ್ತಿನಲ್ಲಿ ಮಾಡಿದ ಪರೀಕ್ಷೆಯಿಂದ ಆ ಎರಡು ಘಳಿಗೆಗಳ ಬಗ್ಗೆ ಏನೂ ತಿಳಿಯುವುದಿಲ್ಲವೆಂಬುದಕ್ಕೆ ಟಿಎಸ್‌ಬಿಯೇ ಸಾಕ್ಷಿ.

ಕಾಯ್ದಿರಿಸುವ ನಿಯಮಗಳೆಲ್ಲವನ್ನೂ, ಯಾವ ಪಾಲು ಯಾರಿಗೆ, ಯಾವ ಕ್ರಮದಲ್ಲಿ ಬರ್ತು ಹಂಚಿಕೆಯಾಗುತ್ತದೆ ಎಂಬಷ್ಟರ ಮಟ್ಟಿಗೆ, ಕನ್ನಡವೂ ಸೇರಿದಂತೆ ಎಲ್ಲ ಭಾಷೆಗಳಲ್ಲಿ ರೈಲ್ವೆ ಇಲಾಖೆ ಅಚ್ಚುಮಾಡಿ ಹೊರಗಿಡಬೇಕೆಂಬುದು ನನ್ನ ಕೋರಿಕೆ. ನಿಯಮ ಎದುರಿಗಿದ್ದರೆ ಪ್ರಯಾಣಿಕರೇ ಪರೀಕ್ಷಕರಾಗುತ್ತಾರೆ. ಒಂದು ಸಾಲು ತಪ್ಪಿದ್ದರೂ ವಾರದೊಳಗೆ ಯಾರಾದರೊಬ್ಬರು ಪತ್ರ ಬರೆಯುತ್ತಾರೆ. ಹಳೆಯ ಗಣಕದ ಕಡೆಯ ಪ್ರತಿಯೊಂದನ್ನು, ಅದರ ಕ್ರಮವಿಧಿಗಳ ಸಮೇತ, ಎಲ್ಲಿಯಾದರೂ ಕಾಪಾಡಿ ಇಡುವರೋ ಇಲ್ಲವೋ ಎಂಬ ಇನ್ನೊಂದು ಪ್ರಶ್ನೆಯೂ ಇದೆ. ದೆಹಲಿಯಲ್ಲಿ ರೈಲ್ವೆಯ ವಸ್ತುಸಂಗ್ರಹಾಲಯವಿದೆ. ಹಳೆಯ ಉಗಿಯಂತ್ರಗಳನ್ನು ಅಲ್ಲಿ ಎಣ್ಣೆ ಸವರಿ ನಿಲ್ಲಿಸಿದ್ದಾರೆ. 1985ರಿಂದ ಬೆಳೆದುಬಂದ ಆ ಕ್ರಮವಿಧಿಯ ಹಾಳೆಗಳಿಗೂ ಅಲ್ಲಿ ಒಂದು ಕಪಾಟು ದೊರೆಯಬೇಕು.